ಅರ್ಜಿಯಲ್ಲಿ 'ಚಿಂದಿ' ಅಂತ ಬರೆದವನಿಂದ ನಾನು ಕಲಿತದ್ದು: ನನ್ನ ಅನುಭವ

ಕೆಲಸದ ಅರ್ಜಿ ತಿದ್ದಿಕೊಡುವುದನ್ನು ಶುರು ಮಾಡಿ ಸುಮಾರು ಒಂಬತ್ತು ವರ್ಷ ಆಯಿತು. ಸ್ಲ್ಯಾಂಗ್, ಅಂದರೆ ಗೆಳೆಯರ ನಡುವೆ ಆಡುವಂಥ ಪದ, ಕಂಡರೆ ಹೊಡೆದು ಹಾಕು, ಆ ಜಾಗದಲ್ಲಿ ಗ್ರಾಂಥಿಕ ಪದ ಕೂರಿಸು, ಮುಗೀತು. ನಮ್ಮ ಕಸುಬಿನವರೆಲ್ಲ ಮಾಡುವುದು ಇದನ್ನೇ ಅಲ್ವಾ? ನಾನೂ ಆರೇಳು ವರ್ಷ ಇದನ್ನೇ ಮಾಡಿದೆ. ಈಗ ಉಲ್ಟಾ ಮಾಡುತ್ತೇನೆ. ಮೊದಲ ಕರಡನ್ನು ಗಿರಾಕಿಗಳಿಂದ ಅವರ ಬಾಯಿಮಾತಿನಲ್ಲೇ ಬರೆಸುತ್ತೇನೆ. ಮಚ್ಚಾ, ಸಖತ್, ಬೆಂಕಿ, ಎಮೋಜಿ, ಏನು ಬೇಕಾದರೂ ಬರಲಿ. "ನಿಂಗೆ ತಲೆ ಕೆಟ್ಟಿದೆ, ಇರೋ ಗಿರಾಕಿಗಳೂ ಓಡಿಹೋಗ್ತಾರೆ" ಅಂದವರೇ ಜಾಸ್ತಿ. ಯಾರೂ ಓಡಿಹೋಗಲಿಲ್ಲ.

ಮೊದಲು ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಕೆಲಸ ಬೇಗ ಮುಗಿಯಲಿ ಅಂತ ಒಂದು ಪಟ್ಟಿ ಮಾಡಿಟ್ಟಿದ್ದೆ, ಇನ್ನೂರು ಪದ ಇದ್ದಿರಬೇಕು. ಫೈಂಡ್ ಅಂಡ್ ರಿಪ್ಲೇಸ್ ಒತ್ತಿದರೆ 'ಸಖತ್' ಇದ್ದಲ್ಲಿ 'ಅತ್ಯುತ್ತಮ', 'ಗುರು' ಇದ್ದಲ್ಲಿ 'ಮಾನ್ಯರೇ' ಬರಬೇಕು. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ, ಒಂದು ಪದದ ಹೊಟ್ಟೆಯೊಳಗೆ ಇನ್ನೊಂದು ಪದ ಕೂತಿರುತ್ತದೆ ಅನ್ನುವುದು ಆಗ ಹೊಳೆಯಲೇ ಇಲ್ಲ. 'ಸಖತ್ತಾಗಿ' ಹೋಗಿ 'ಅತ್ಯುತ್ತಮತಾಗಿ' ಆಯಿತು. 'ಗುರುವಾರ' ಹೋಗಿ 'ಮಾನ್ಯರೇವಾರ' ಆಯಿತು. 'ಗುರುತಿನ ಚೀಟಿ' ಅನ್ನುವುದು 'ಮಾನ್ಯರೇತಿನ ಚೀಟಿ' ಆಗಿ ಹಾಗೇ ಒಂದು ಕಚೇರಿಗೆ ಹೋಯಿತು. ಆ ವಾರ ನಾಲ್ಕು ಜನರ ಹಣ ವಾಪಸ್ ಕೊಟ್ಟೆ.

ಆಮೇಲೆ ಇಂಗ್ಲಿಷ್ ಅರ್ಜಿಗಳಿಗೆ ಅಂತ ತಿದ್ದುವ ಸಾಫ್ಟ್‌ವೇರ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಹನ್ನೆರಡು ಅರ್ಜಿಯಿಂದ ಬರುವ ದುಡ್ಡು ಒಂದೇ ಏಟಿಗೆ ಹೋಯಿತು. ಸ್ಪೆಲಿಂಗ್ ಏನೋ ಸರಿ ಮಾಡುತ್ತಿತ್ತು. ಆದರೆ ಎಲ್ಲರ ಪತ್ರವೂ ಒಬ್ಬನೇ ಬರೆದ ಹಾಗೆ ಕಾಣುತ್ತಿತ್ತು. ಎರಡನೇ ವರ್ಷ ಕಟ್ಟಲಿಲ್ಲ.

ಕಣ್ಣು ತೆರೆಸಿದ್ದು ಒಬ್ಬ ಗೋದಾಮಿನ ಹುಡುಗ. ಅವನು ಬರೆದುಕೊಂಡು ಬಂದಿದ್ದು ಹೀಗೆ: "ಗೋದಾಮಿನ ಸ್ಟಾಕ್ ಫುಲ್ ನಾನೇ ನೋಡ್ಕೋತಿದ್ದೆ, ಚಿಂದಿ ಕೆಲಸ, ಬಾಸ್ ಫುಲ್ ಖುಷ್." ಚಿಂದಿ ಅಂದರೆ ಇಲ್ಲಿ ಹರಕು ಬಟ್ಟೆ ಅಲ್ಲ, ಸಖತ್ ಅಂತ. ನಾನು ಅದನ್ನು ಅಳಿಸಿ "ದಾಸ್ತಾನು ಪರಿಶೀಲನೆ ಮತ್ತು ನಿರ್ವಹಣೆಯಲ್ಲಿ ಪರಿಣತಿ ಹೊಂದಿರುತ್ತೇನೆ" ಅಂತ ಬರೆದುಕೊಟ್ಟೆ. ನೋಡಲು ಚೆನ್ನಾಗಿತ್ತು. ಸಂದರ್ಶನಕ್ಕೆ ಕರೆಯೂ ಬಂತು. ಅಲ್ಲಿ "ದಾಸ್ತಾನು ಪರಿಶೀಲನೆ ಹೇಗೆ ಮಾಡ್ತಿದ್ರಿ?" ಅಂತ ಕೇಳಿದ್ದಾರೆ. ಹುಡುಗನಿಗೆ ದಾಸ್ತಾನು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ! ದಿನಾ ಬೆಳಗಾದರೆ ಅದೇ ಕೆಲಸ ಮಾಡುತ್ತಿದ್ದವನು ಆ ಒಂದು ಪದಕ್ಕೆ ಬಾಯಿ ಕಟ್ಟಿಕೊಂಡು ಎದ್ದು ಬಂದ.

ಹಣ ವಾಪಸ್ ಕೊಡಲು ಕರೆದಿದ್ದೆ. ಸುಮ್ನೆ ಕೂತು ಹಳೇ ಕರಡು ತೆಗೆದು ಕೇಳಿದೆ.

"ಚಿಂದಿ ಅಂದ್ರೆ ಏನಪ್ಪಾ ಆಯ್ತು?"

"ತಿಂಗಳ ಕೊನೆಗೆ ಎಣಿಸಿದಾಗ ಒಂದು ಬಾಕ್ಸೂ ಹೆಚ್ಚು ಕಮ್ಮಿ ಬರ್ತಿರಲಿಲ್ಲ ಸಾರ್."

"ಎಷ್ಟು ತಿಂಗಳು?"

"ಹದಿನಾಲ್ಕು."

"ಬಾಸ್ ಖುಷ್ ಅಂದ್ಯಲ್ಲ, ನಿನಗೆ ಹೆಂಗೆ ಗೊತ್ತಾಯ್ತು?"

ಸ್ವಲ್ಪ ಹೊತ್ತು ಯೋಚಿಸಿದ. "ರಾತ್ರಿ ಪಾಳಿಗೆ ಬೀಗದ ಕೈ ನನ್ನ ಕೈಗೇ ಕೊಡೋರು ಸಾರ್."

ಇಷ್ಟು ಒಳ್ಳೆ ಮಾತನ್ನು ನಾನು ದಾಸ್ತಾನಿನ ಅಡಿಯಲ್ಲಿ ಹೂತು ಹಾಕಿದ್ದೆ. ಹೊಸ ಅರ್ಜಿ ಹೀಗಾಯಿತು: "14 ತಿಂಗಳು ಗೋದಾಮಿನ ಸ್ಟಾಕ್ ಲೆಕ್ಕ ನೋಡಿಕೊಂಡೆ. ತಿಂಗಳ ಕೊನೆಯ ಎಣಿಕೆಯಲ್ಲಿ ವ್ಯತ್ಯಾಸ ಬರಲಿಲ್ಲ. ರಾತ್ರಿ ಪಾಳಿಯಲ್ಲಿ ಗೋದಾಮಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು." 'ಸ್ಟಾಕ್' ಹಾಗೇ ಉಳಿಸಿದೆ. ಅದು ಸ್ಲ್ಯಾಂಗ್ ಅಲ್ಲ, ಕೆಲಸದ ಪದ. ಈ ಎರಡನ್ನು ಒಂದೇ ಅಂದುಕೊಂಡು ಕೆಡಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಎರಡನೇ ಅರ್ಜಿಗೇ ಅವನಿಗೆ ಕೆಲಸ ಸಿಕ್ಕಿತು. ವಾಪಸ್ ಕೊಟ್ಟ ಹಣವನ್ನು ಮತ್ತೆ ತಂದುಕೊಟ್ಟ.

ಅವತ್ತಿನಿಂದ ಕರಡು ಬಂದ ತಕ್ಷಣ ಸ್ಲ್ಯಾಂಗ್ ಇದ್ದಲ್ಲೆಲ್ಲ ಬರೀ ಗೆರೆ ಎಳೆಯುತ್ತೇನೆ, ಅಳಿಸುವುದಿಲ್ಲ. ಒಂದೊಂದಕ್ಕೂ "ಏನಾಯ್ತು", "ಎಷ್ಟು", "ನಿಮಗೆ ಹೇಗೆ ಗೊತ್ತಾಯ್ತು" ಅಂತ ಕೇಳುತ್ತೇನೆ. ಜನ ವಿವರ ಕೊಡಲು ಸೋತಲ್ಲೇ 'ಸೂಪರ್', 'ಬೆಂಕಿ' ಅಂತ ಬರೆದಿರುತ್ತಾರೆ. ನಾಲ್ಕನೇ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೇ ನಿಂತಿದೆ. ಮೂರಕ್ಕೂ ಉತ್ತರ ಬರದಿದ್ದರೆ ಆ ಸಾಲೇ ಬೇಡ, ತೆಗೆಯಿರಿ. "ಹಳೇ ಕಂಪನಿ ಡಬ್ಬಾ" ಅನ್ನುವಂಥದ್ದು ಬಂದರೆ ಬೇರೆ ದಾರಿ. ಅದರ ಹಿಂದೆ ಸಂಬಳ ತಡವಾಗಿದ್ದೋ ಓವರ್‌ಟೈಮ್ ಕೊಡದೇ ಇದ್ದದ್ದೋ ಇರುತ್ತದೆ. ಅದನ್ನು ಅರ್ಜಿಗೆ ಹಾಕಬೇಡಿ. "ಯಾಕೆ ಬಿಟ್ಟಿರಿ" ಅಂತ ಕೇಳಿಯೇ ಕೇಳುತ್ತಾರೆ, ಅಲ್ಲಿಗೆ ಒಂದು ಶಾಂತವಾದ ಉತ್ತರ ತಯಾರು ಮಾಡಿಸಿ.

ಮಧ್ಯೆ ಕೆಲವು ಪ್ರಯೋಗಗಳೂ ಆದವು. ಬರೆಯುವ ಬದಲು ಫೋನಿಗೆ ಮಾತಾಡಿ ಟೈಪ್ ಮಾಡಿಸಿದೆ. ಸ್ಲ್ಯಾಂಗ್ ಎರಡು ಪಟ್ಟಾಯಿತು, ಆದರೆ ವಿವರವೂ ಹೆಚ್ಚು ಬಂತು. ಈಗಲೂ ನಾಚಿಕೆ ಸ್ವಭಾವದವರಿಗೆ ಇದನ್ನೇ ಮಾಡಿಸುತ್ತೇನೆ. ಎಮೋಜಿ ಇರುವ ಒಂದು ಫೈಲನ್ನು ಮೂರ್ನಾಲ್ಕು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಒಂದು ಹಳೇ ಕಂಪ್ಯೂಟರಿನಲ್ಲಿ ನಗುವ ಮುಖದ ಜಾಗದಲ್ಲಿ ಬರೀ ಖಾಲಿ ಚೌಕ ಬಂತು. ನಗುಮುಖ ಹಾಕಬೇಡ ಅಂತ ಹತ್ತು ಸಲ ಹೇಳುವ ಬದಲು ಈಗ ಆ ಚೌಕದ ಫೋಟೋ ತೋರಿಸುತ್ತೇನೆ.

ಒಬ್ಬ ಹುಡುಗಿ ವಾದಕ್ಕೇ ನಿಂತಳು. 1917ರಲ್ಲೇ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಷರ್, ಚರ್ಚಿಲ್‌ಗೆ ಬರೆದ ಪತ್ರದಲ್ಲಿ 'ಓಎಂಜಿ' (ಓ ಮೈ ಗಾಡ್) ಅಂತ ಹಾಕಿದ್ದಾನೆ, ನಾನು ಹಾಕಿದರೆ ಏನು ತಪ್ಪು ಸಾರ್ ಅಂತ. ಮಾತು ನಿಜ. ಆದರೆ ಆತ ಪಕ್ಕದಲ್ಲೇ ಅದರ ಪೂರ್ತಿ ರೂಪವನ್ನೂ ಬರೆದಿದ್ದ, ಬರೆದದ್ದೂ ವರ್ಷಗಟ್ಟಲೆ ಪರಿಚಯ ಇದ್ದವನಿಗೆ. "ನಿನ್ನ ಅರ್ಜಿ ಓದುವವರಿಗೆ ನಿನ್ನ ಮುಖವೇ ಗೊತ್ತಿಲ್ಲವಲ್ಲಮ್ಮಾ" ಅಂದೆ. ಅವಳೇ ಅಳಿಸಿದಳು. ಅಂದಹಾಗೆ ಅವಳ ಇಮೇಲ್ ವಿಳಾಸ 'ಏಂಜಲ್ ಕ್ಯೂಟಿ' ಅಂತೇನೋ ಇತ್ತು. ಮೊದಲು ಅದನ್ನು ನೋಡಿ ಮಾರಾಯ್ರೇ, ಎಷ್ಟು ಚಂದದ ಪತ್ರ ಬರೆದರೂ ಮೊದಲು ಕಣ್ಣಿಗೆ ಬೀಳುವುದು ಅದೇ.

ಲೆಕ್ಕ ಹೇಳುವುದಾದರೆ, ಮೊದಲು ಮೂವತ್ತು ಅರ್ಜಿ ಹೋದರೆ ಮೂರೋ ನಾಲ್ಕೋ ಕರೆ ಬರುತ್ತಿತ್ತು. ಈಗ ಅಷ್ಟಕ್ಕೇ ಹತ್ತು ಹನ್ನೊಂದು ಬರುತ್ತಿದೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಹದಿನೈದು ನಿಮಿಷದ ಕೆಲಸ ಈಗ ಮುಕ್ಕಾಲು ಗಂಟೆ ಆಗಿದೆ. ಮೊದಲ ಆರು ತಿಂಗಳು ಹಳೇ ರೇಟಿಗೇ ಮಾಡಿ ನಷ್ಟ ಮಾಡಿಕೊಂಡೆ. ಆಮೇಲೆ ರೇಟು ಎರಡು ಪಟ್ಟು ಮಾಡಿದೆ, ಒಬ್ಬರೂ ಚೌಕಾಸಿ ಮಾಡಲಿಲ್ಲ. ತಲೆ ಕೆಟ್ಟಿದೆ ಅಂದಿದ್ದ ಗೆಳೆಯ ಈಗ ತನ್ನ ಕೈಲಿ ಆಗದ ಅರ್ಜಿಗಳನ್ನು ನನಗೇ ಕಳಿಸುತ್ತಾನೆ, ಬಂದಿದ್ದರಲ್ಲಿ ಅರ್ಧ ಅವನಿಗೆ. ನಾಲ್ಕನೇ ಪ್ರಶ್ನೆ ಯಾವುದು ಅಂತ ಪ್ರತಿ ಸಲವೂ ಕೇಳುತ್ತಾನೆ.