ಚಿರತೆ ಎಷ್ಟಿವೆ ಎಂಬುದೇ ಖಚಿತವಿಲ್ಲದಾಗ ನಿರ್ಧಾರ ಮಾಡುವುದು ಹೇಗೆ?

ಮುಂಬೈಯ ಬೊರಿವಲಿ, ಮುಲುಂಡ್, ಪಕ್ಕದ ಥಾಣೆಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲೇ ನಮ್ಮ ಕನ್ನಡದ ಮನೆಗಳು ಸಾಕಷ್ಟಿವೆ. ಸೊಸೈಟಿಯ ಸಿಸಿಟಿವಿಯಲ್ಲಿ ಚಿರತೆ ಕಂಡರೆ ಸಾಕು, 'ಸಂಖ್ಯೆ ಜಾಸ್ತಿಯಾಗಿದೆ, ಬೋನಿಟ್ಟು ಹಿಡಿಸಿ' ಎಂಬ ಅರ್ಜಿ ವಾಟ್ಸಾಪಿನಲ್ಲಿ ಓಡಾಡತೊಡಗುತ್ತದೆ. ಸಹಿ ಹಾಕುವ ಮುನ್ನ ಒಂದಿಷ್ಟು ಲೆಕ್ಕ ಹಾಕಬೇಕು.

ಮೊದಲು ಒಂದು ರಿಜಿಸ್ಟರ್ ಇಡಿ. ದಿನಾಂಕ, ಗಂಟೆ, ಜಾಗ, ಕಂಡದ್ದು ಯಾವ ಮಗ್ಗುಲು, ಆಧಾರ ಫೋಟೊವೋ ಹೆಜ್ಜೆಗುರುತೋ ಬರೀ ಬಾಯಿಮಾತೋ ಎಂದು ಬರೆಯಿರಿ. ಹತ್ತು ಸಲ ಕಂಡದ್ದು ಒಂದೇ ಚಿರತೆ ಇರಬಹುದು. ಮೈಮೇಲಿನ ಮಚ್ಚೆಗಳ ವಿನ್ಯಾಸ ಒಂದೊಂದು ಚಿರತೆಗೂ ಬೇರೆ. ಎಡ ಮಗ್ಗುಲಿನದೂ ಬಲ ಮಗ್ಗುಲಿನದೂ ಬೇರೆ. ಆದ್ದರಿಂದಲೇ ಗಣತಿಯವರು ಕಾಡುಹಾದಿಯ ಎರಡೂ ಬದಿಗೆ, ನೆಲದಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನೀವೇ ಕಾಡೊಳಗೆ ಕಟ್ಟಲು ಹೋಗಬೇಡಿ.

ಗಣತಿಯ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಿ. ಕ್ಯಾಮೆರಾದ ಮೊದಲ ಸುತ್ತಿನಲ್ಲಿ 12 ಚಿರತೆ, ಎರಡನೆಯದರಲ್ಲಿ 10, ಎರಡರಲ್ಲೂ ಸಿಕ್ಕವು 6. ಸೂತ್ರದಂತೆ ಮೂರಕ್ಕೂ ಒಂದೊಂದು ಕೂಡಿಸಿಕೊಂಡು, ಹದಿಮೂರನ್ನು ಹನ್ನೊಂದರಿಂದ ಗುಣಿಸಿ, ಏಳರಿಂದ ಭಾಗಿಸಿ, ಒಂದು ಕಳೆದರೆ ಸುಮಾರು 19. ಆದರೆ ಶೇ. 95ರ ಭರವಸೆಯ ವ್ಯಾಪ್ತಿ, ಅಂದರೆ ನಿಜವಾದ ಸಂಖ್ಯೆ ಬಹುಮಟ್ಟಿಗೆ ಇರಬಹುದಾದ ಮಿತಿ, 14ರಿಂದ 25. ಫೋಟೊಗಳಲ್ಲೇ 16 ಬೇರೆ ಬೇರೆ ಪ್ರಾಣಿ ಇರುವುದರಿಂದ ನಾವು ನಂಬಬೇಕಾದದ್ದು 16–25. ಲೆನ್ಸ್ ಮಂಜಾಗಿ, ಚಿತ್ರ ಮಸುಕಾಗಿ ಎರಡೂ ಸುತ್ತಿನಲ್ಲಿ ಸಿಕ್ಕ ಮೂರು ಚಿರತೆ ಅವೇ ಎಂದು ಗುರುತಾಗದೆ ಹೋದವು ಎನ್ನಿ: ಆರು ಮೂರಾಗುತ್ತದೆ, ಅಂದಾಜು 35ಕ್ಕೆ ಜಿಗಿಯುತ್ತದೆ! ಕಾಡಿನಲ್ಲಿ ಒಂದು ಮರಿಯೂ ಹೆಚ್ಚಾಗಿರುವುದಿಲ್ಲ. ಬರೀ ಒಂದು ಸಂಖ್ಯೆ ಕೊಟ್ಟವರನ್ನು 'ವ್ಯಾಪ್ತಿ ಎಷ್ಟು?' ಎಂದು ಕೇಳಲೇಬೇಕು.

ಈಗ ಪ್ರತಿ ಉಪಾಯವನ್ನೂ ಎರಡೂ ತುದಿಯ ಸಂಖ್ಯೆಗೆ ಹಚ್ಚಿ ನೋಡಿ. ಕಸ ಎತ್ತಿಸುವುದು (ಕಸಕ್ಕೆ ನಾಯಿ, ನಾಯಿಗೆ ಚಿರತೆ), ದಾರಿದೀಪ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು: 16 ಇದ್ದರೂ ಸರಿ, 25 ಇದ್ದರೂ ಸರಿ. ತಪ್ಪಾದರೂ ನಷ್ಟವಿಲ್ಲ. ಬೋನು ಹಾಗಲ್ಲ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟ ಮೇಲೆ ಜನರ ಮೇಲಿನ ದಾಳಿ ಹೆಚ್ಚಿತೇ ವಿನಾ ತಗ್ಗಲಿಲ್ಲ. ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟ ಪ್ರಾಣಿ ದಿಕ್ಕೆಟ್ಟು ಅಲೆಯುತ್ತದೆ, ಖಾಲಿಯಾದ ಜಾಗಕ್ಕೆ ಬೇರೊಂದು ಬರುತ್ತದೆ. ಕಾನೂನಿನಲ್ಲೂ ಮುಖ್ಯ ವನ್ಯಜೀವಿ ವಾರ್ಡನ್ನರ ಲಿಖಿತ ಆದೇಶವಿಲ್ಲದೆ ಚಿರತೆಯನ್ನು ಹಿಡಿಯುವಂತಿಲ್ಲ.

ಕೊನೆಗೆ, ಏನಾದರೆ ನಿರ್ಧಾರ ಬದಲಿಸುತ್ತೀರಿ ಎಂಬುದನ್ನು ಇವತ್ತೇ ಸೊಸೈಟಿ ಮೀಟಿಂಗಿನ ನಡಾವಳಿಯಲ್ಲಿ ಬರೆಸಿ: ಮೂರು ತಿಂಗಳಾದರೂ ಅದೇ ಪ್ರಾಣಿ ಹಗಲಿನಲ್ಲೇ ಅಂಗಳಕ್ಕೆ ಬರುತ್ತಿದ್ದರೆ ಇಲಾಖೆಯ ಪರಿಶೀಲನೆ ಕೇಳುತ್ತೇವೆ, ಹೀಗೆ. ಮೊದಲೇ ಬರೆಯದಿದ್ದರೆ ಭಯ ಹೆಚ್ಚಾದ ದಿನ ಗಟ್ಟಿ ದನಿಯವರ ಮಾತೇ ನಡೆಯುತ್ತದೆ. ಮನುಷ್ಯರ ಮೇಲೆ ದಾಳಿಯಾದರೆ ಮಾತ್ರ ಯಾವ ಲೆಕ್ಕಕ್ಕೂ ಕಾಯದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಗುಂಪು ಸೇರದಂತೆ ನೋಡಿಕೊಳ್ಳಿ.