ವಾರಂಟಿ ಮುಗಿದ ಕಾರಿನ ರಿಪೇರಿಗೆ ಕಂಪನಿಯಿಂದ ದುಡ್ಡು ಹೊರಡಿಸಿದ್ದು: ನನ್ನ ಅನುಭವ

ನನ್ನ ಕಾರಿನ ಟೈಮಿಂಗ್ ಚೈನ್ ಟೆನ್ಷನರ್ (ಪಿಸ್ಟನ್, ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ಓಡಿಸುವ ಇಂಜಿನ್ ಚೈನನ್ನು ಬಿಗಿಹಿಡಿಯುವ ಪಾರ್ಟ್) ಕೈಕೊಟ್ಟಾಗ ವಾರಂಟಿ ಮುಗಿದು ವರ್ಷ ದಾಟಿತ್ತು. ಆದರೂ ಪಾರ್ಟ್ಸ್ ಖರ್ಚನ್ನು ಕಂಪನಿಯೇ ಹಾಕಿಕೊಂಡಿತು, ಲೇಬರ್ ಮಾತ್ರ ನನ್ನ ಜೇಬಿನಿಂದ ಹೋಯಿತು. ಅದಕ್ಕಾಗಿ ಜಗಳ ಆಡಲಿಲ್ಲ, ವಶೀಲಿ ಹಚ್ಚಲಿಲ್ಲ. ಈ ದೋಷ ಅವರಿಗೆ ಮೊದಲೇ ಗೊತ್ತಿತ್ತು ಅನ್ನೋದನ್ನು ಅವರದೇ ಕಾಗದದಿಂದ ತೋರಿಸಿದೆ.

ರಾತ್ರಿಯೆಲ್ಲಾ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ಗಲಗಲ ಸದ್ದು, ಆಮೇಲೆ ಏನೂ ಇಲ್ಲ. ಟೆನ್ಷನರ್ ಆಯಿಲ್ ಪ್ರೆಷರ್‌ನಿಂದ ಚೈನನ್ನು ಬಿಗಿಯಾಗಿ ಹಿಡಿದಿರುತ್ತೆ. ಇಂಜಿನ್ ಆಫ್ ಮಾಡಿದಾಗ ಪ್ರೆಷರ್ ಇಳಿಯುತ್ತೆ. ಆಗ ಒಳಗಿನ ಹಲ್ಲಿನ ಕೊಕ್ಕೆ ಅದು ಹಿಂದೆ ಸರಿಯದಂತೆ ತಡೆಯಬೇಕು. ಕೊಕ್ಕೆ ಜಾರಿದರೆ ಚೈನ್ ಸಡಿಲ. ಸಡಿಲವಾದ ಚೈನ್ ಚಕ್ರದ ಒಂದು ಹಲ್ಲು ದಾಟಿ ಜಾರಿದರೆ ತಾಳ ತಪ್ಪಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತೆ, ಇಂಜಿನ್ ಕಥೆ ಮುಗೀತು.

ಸರ್ವಿಸ್ ಸೆಂಟರ್‌ಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸದ್ದು ಮಾಯವಾಗುತ್ತೆ. 'ನಮಗೇನೂ ಕೇಳಿಸ್ತಿಲ್ಲ ಸರ್' ಅಂತಾರೆ. ಅದಕ್ಕೆ ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಸರ್ವಿಸ್ ಅಡ್ವೈಸರ್ (ನಮ್ಮ ದೂರು ಕೇಳಿ ಬರೆದುಕೊಳ್ಳುವವರು) ಎದುರಿಗೇ ಸ್ಟಾರ್ಟ್ ಮಾಡಿಸಿದೆ. ಕೇಳಿಸಿದ್ದನ್ನು ಜಾಬ್ ಕಾರ್ಡ್‌ನಲ್ಲಿ, ಅಂದರೆ ಕಾರಿನ ದೂರು ಮತ್ತು ಕೆಲಸ ಬರೆಯುವ ಕಾಗದದಲ್ಲಿ, ಬರೆಸಿದೆ. ಬಾಯಿಮಾತಿಗೆ ಮುಂದೆ ಯಾರೂ ಬೆಲೆ ಕೊಡಲ್ಲ.

ನನಗೆ ಹಿಡಿತ ಸಿಕ್ಕಿದ್ದು ಎಸ್ಟಿಮೇಟ್‌ನಲ್ಲಿ. ನನ್ನ ಕಾರಿಗೆ ಫ್ಯಾಕ್ಟರಿಯಲ್ಲಿ ಹಾಕಿದ್ದ ಟೆನ್ಷನರ್‌ನ ಪಾರ್ಟ್ ನಂಬರ್ ಒಂದು, ಎಸ್ಟಿಮೇಟ್‌ನಲ್ಲಿದ್ದದ್ದು ಇನ್ನೊಂದು. ಅಂಕಿಗಳೆಲ್ಲ ಅವೇ, ಕೊನೆಯ ಅಕ್ಷರ ಮಾತ್ರ ಬೇರೆ. ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿದರೆ, 'ಹಳೇ ನಂಬರ್ ನಿಂತುಹೋಗಿದೆ ಸರ್, ಈಗ ಇದೇ ಬರೋದು' ಅಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಕೊಕ್ಕೆಗೆ ಚಿಕ್ಕ, ಸವೆದ ಹಲ್ಲುಗಳು. ಹೊಸದರಲ್ಲಿ ಹಲ್ಲು ಆಳವಾಗಿತ್ತು, ಸ್ಪ್ರಿಂಗ್ ದಪ್ಪವಾಗಿತ್ತು. ಚೆನ್ನಾಗಿದ್ದ ಪಾರ್ಟನ್ನು ಸುಮ್ನೆ ಯಾರೂ ಬದಲಾಯಿಸಲ್ಲ, ಅಲ್ವಾ?

ನಂಬರ್ ಬದಲಾದದ್ದು ಮಾತ್ರ ಸಾಕಾಗಲ್ಲ, ಖರ್ಚು ಉಳಿಸೋಕೂ ಕಂಪನಿಗಳು ಪಾರ್ಟ್ ಬದಲಾಯಿಸುತ್ತವೆ. ಅದಕ್ಕೆ ಸರ್ವಿಸ್ ಬುಲೆಟಿನ್ ಹುಡುಕಿದೆ. ಇಂಥ ತೊಂದರೆ ಕಂಡರೆ ಹೀಗೆ ಸರಿಮಾಡಿ ಅಂತ ಕಂಪನಿ ಮೆಕ್ಯಾನಿಕ್‌ಗಳಿಗೆ ಕಳಿಸುವ ಸೂಚನೆ ಅದು. ಅಮೆರಿಕದಲ್ಲಿ ಕಂಪನಿಗಳು ಇದರ ಪ್ರತಿಯನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಗೆ ಕೊಡಲೇಬೇಕು, ಯಾರು ಬೇಕಾದರೂ ಓದಬಹುದು. ಒಂದೇ ಇಂಜಿನ್ ಹಲವು ದೇಶಗಳಲ್ಲಿ ಮಾರಾಟವಾಗುವುದರಿಂದ ನನ್ನ ಇಂಜಿನ್‌ನದ್ದೂ ಸಿಕ್ಕಿತು. ಅದೇ ಸದ್ದು, ಅದೇ ಹೊಸ ನಂಬರ್.

ಬುಲೆಟಿನ್ ಇದ್ದರೆ ಫ್ರೀ ರಿಪೇರಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ರೀಕಾಲ್ ಅಂದರೆ ದೋಷ ಇರುವ ಕಾರುಗಳನ್ನು ಕಂಪನಿ ವಾಪಸ್ ಕರೆಸೋದು. ಅದು ಸುರಕ್ಷತೆಗೆ ಸಂಬಂಧಿಸಿದ್ದು, ವಾರಂಟಿ ಮುಗಿದಿದ್ದರೂ ಕಂಪನಿಯೇ ಸರಿಮಾಡಿಕೊಡುತ್ತೆ. ಸಿಡಿಯುವ ಅಪಾಯವಿದ್ದ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಹಳೇ ಕಾರುಗಳಲ್ಲೂ ಬದಲಾಯಿಸಿದ್ದು ಹಾಗೆ. ಇನ್ನೊಂದು, ವಾರಂಟಿ ವಿಸ್ತರಣೆ. ತಮ್ಮ ತೀಟಾ 2 ಅನ್ನೋ ಇಂಜಿನ್‌ನ ದೋಷದ ವಿಷಯದಲ್ಲಿ ಹ್ಯುಂಡೈ ಮತ್ತು ಕಿಯಾ 2019ರಲ್ಲಿ ಅಮೆರಿಕದಲ್ಲಿ ರಾಜಿ ಮಾಡಿಕೊಂಡು ಇಂಜಿನ್‌ನ ಕೆಲವು ಭಾಗಗಳಿಗೆ ಜೀವಮಾನದ ವಾರಂಟಿ ಕೊಟ್ಟವು. ಅದೂ ಕೋರ್ಟಿನ ಒತ್ತಡ ಇದ್ದದ್ದಕ್ಕೆ. ಇವೆರಡೂ ಇಲ್ಲದವರಿಗೆ ಉಳಿಯೋದು ಗುಡ್‌ವಿಲ್: ಕಂಪನಿ ಮನಸ್ಸು ಮಾಡಿದರೆ ಇಷ್ಟು ಪಾಲು ಕೊಡುತ್ತೆ. ನನ್ನದು ಇದೇ ಸಾಲು.

ಗುಡ್‌ವಿಲ್ ತೀರ್ಮಾನ ಅಡ್ವೈಸರ್ ಕೈಯಲ್ಲಿರಲ್ಲ. ಅವರ ಮೇಲೆ ರೇಗಾಡಿ ಪ್ರಯೋಜನ ಇಲ್ಲ. ಕೇಸನ್ನು ಕಂಪನಿಯ ಸರ್ವಿಸ್ ಮ್ಯಾನೇಜರ್‌ಗೆ ಕಳಿಸಿ ಅಂತ ಕೇಳಿ, ನಾನೂ ಕಂಪನಿಗೆ ನೇರವಾಗಿ ಒಂದು ಪುಟದ ಮೇಲ್ ಬರೆದೆ. ಜಾಬ್ ಕಾರ್ಡ್, ಎರಡು ಪಾರ್ಟ್ ನಂಬರ್, ಬುಲೆಟಿನ್, ಎಲ್ಲಾ ಸರ್ವಿಸ್ ಬಿಲ್. ಆಯಿಲ್ ಬದಲಾವಣೆಯ ಬಿಲ್‌ಗಳೇ ಮುಖ್ಯ. ಟೆನ್ಷನರ್ ಬದುಕೋದು ಆಯಿಲ್ ಮೇಲೆ, ಒಂದು ಬಿಲ್ ಕಾಣದಿದ್ದರೂ 'ಮೇಂಟೆನೆನ್ಸ್ ಸರಿಯಿಲ್ಲ' ಅಂತ ಫೈಲ್ ಮುಚ್ಚುತ್ತಾರೆ.

ಮೊದಲ ಉತ್ತರ ವಾರಂಟಿ ಮುಗಿದಿದೆ ಅನ್ನೋ ಎರಡು ಸಾಲು, ಅಷ್ಟೇ. ವಾರಂಟಿ ನಾನು ಕೇಳಿಯೇ ಇಲ್ಲ, ನೀವು ಬದಲಾಯಿಸಿದ ಡಿಸೈನ್ ಬಗ್ಗೆ ಕೇಳುತ್ತಿದ್ದೇನೆ ಅಂತ ವಾಪಸ್ ಬರೆದೆ. ಕಾನೂನೂ ಎಲ್ಲಾ ಕಡೆ ವಾರಂಟಿ ತಾರೀಖಿಗೇ ನಿಲ್ಲಲ್ಲ. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನಲ್ಲಿ ವಸ್ತು ನ್ಯಾಯವಾಗಿ ಎಷ್ಟು ಕಾಲ ಬಾಳಬೇಕೋ ಅಷ್ಟು ಕಾಲ ಹಕ್ಕು ಇರುತ್ತೆ. ಇಂಗ್ಲೆಂಡ್‌ನಲ್ಲಿ ಮಾರಿದವರ ಮೇಲೆ 6 ವರ್ಷದವರೆಗೆ ಕ್ಲೇಮ್ ಹಾಕಬಹುದು. ನಿಮ್ಮಲ್ಲಿ ಏನಿದೆ ಅಂತ ನೋಡಿಕೊಂಡು ಆ ಒಂದು ಸಾಲನ್ನೂ ಮೇಲ್‌ನಲ್ಲಿ ಸೇರಿಸಿ, ಬೆದರಿಕೆ ಥರ ಅಲ್ಲ.

ಮುಂದಿನ ಉತ್ತರದಲ್ಲಿ ಅರ್ಧ ಪಾರ್ಟ್ಸ್ ಕೊಡ್ತೀವಿ ಅಂದರು. ಕಿಲೋಮೀಟರ್ ಕಮ್ಮಿ ಇದೆ, ಎಲ್ಲಾ ಸರ್ವಿಸ್ ನಿಮ್ಮಲ್ಲೇ ಆಗಿದೆ ಅಂತ ಮತ್ತೆ ಕೇಳಿದ್ದಕ್ಕೆ ಪೂರ್ತಿ ಪಾರ್ಟ್ಸ್‌ಗೆ ಒಪ್ಪಿದರು. ಒಪ್ಪಿಗೆ ಕಾಗದದಲ್ಲಿ, ಈ ಇಂಜಿನ್ ಬಗ್ಗೆ ಮುಂದೆ ಏನನ್ನೂ ಕೇಳುವುದಿಲ್ಲ ಅಂತ ಒಂದು ಸಾಲಿತ್ತು. ಹೊಡೆದು ಹಾಕಿ ಸಹಿ ಮಾಡಿದೆ, ಯಾರೂ ಚಕಾರ ಎತ್ತಲಿಲ್ಲ.

ಮತ್ತೆ, ಬಿಚ್ಚಿದ ಪಾರ್ಟಿನ ಫೋಟೋ ನಂಬರ್ ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ. ಕಂಪನಿ ದುಡ್ಡಲ್ಲಿ ಬದಲಾಯಿಸಿದರೆ ಹಳೇ ಪಾರ್ಟನ್ನು ಅವರೇ ವಾಪಸ್ ತರಿಸಿಕೊಳ್ಳುತ್ತಾರೆ.