ಕ್ರಷರ್ ಲೆಕ್ಕ: ಎಷ್ಟು ಯೂನಿಟ್, ಎಷ್ಟು ಗುಂಟೆ?

ಹೊಳಲ್ಕೆರೆ ಕಡೆ ಒಂದು ಜಲ್ಲಿ ಕ್ರಷರ್‌ನಲ್ಲಿ ಹನ್ನೆರಡು ವರ್ಷದಿಂದ ಲೆಕ್ಕ ಬರೀತಿದ್ದೇನೆ. ಹೊಸದಾಗಿ ಕ್ರಷರ್ ಹಾಕಿದವರು ಬಂದರೆ ಮೊದಲು ಕೇಳೋದು ಜಲ್ಲಿ ರೇಟು. ನಾನು ಕೇಳೋದು ಬೇರೆ: ಟನ್ನಿಗೆ ಎಷ್ಟು ಯೂನಿಟ್ ಕರೆಂಟು ಸುಡ್ತೀರಿ? ಡಸ್ಟ್, ಅಂದರೆ ಜಲ್ಲಿ ಒಡೆದಾಗ ಉಳಿಯೋ ಕಲ್ಲುಪುಡಿ, ಎಷ್ಟು ಗುಂಟೆ ಜಾಗ ತಿಂದಿದೆ?

ಯೂನಿಟ್ ಲೆಕ್ಕಕ್ಕೆ ದಿನಾ ಒಂದೇ ಹೊತ್ತಿಗೆ ಮೀಟರ್ ಬರೆದುಕೊಳ್ಳಿ, ತೂಕದ ಚೀಟಿಗಳ ಟನ್ನಿನಿಂದ ಭಾಗಿಸಿ. ಕಲ್ಲು ಒಡೆಯೋಕೆ ಎಷ್ಟು ಕರೆಂಟು ಬೇಕು ಅಂತ ಲೆಕ್ಕ ಹಾಕೋ ಬಾಂಡ್ ಸೂತ್ರದ ಪ್ರಕಾರ, ಗಟ್ಟಿ ಗ್ರಾನೈಟಿಗೆ ವರ್ಕ್ ಇಂಡೆಕ್ಸ್ (ಒಡೆಯೋಕೆ ಕಲ್ಲು ಎಷ್ಟು ಕಷ್ಟ ಅನ್ನೋ ಅಂಕಿ) 16 ಹಿಡಿದರೆ, ಎರಡಡಿ ಕಲ್ಲನ್ನು 20 ಎಂ.ಎಂ. ಜಲ್ಲಿ ಮಾಡೋಕೆ ಟನ್ನಿಗೆ ಸುಮಾರು 0.9 ಯೂನಿಟ್. ಅದೇ ಜಲ್ಲಿಯನ್ನು 2 ಎಂ.ಎಂ. ಮರಳಿಗೆ, ಅಂದರೆ ಎಂ-ಸ್ಯಾಂಡಿಗೆ, ಇಳಿಸೋಕೆ ಇನ್ನೂ 2.4. ಬೆಲ್ಟು, ಜರಡಿ, ಖಾಲಿ ಓಟ ಬೇರೆ. ಕರೆಂಟು ಯೂನಿಟ್ಟಿಗೆ ಒಂದು ರೂಪಾಯಿ ಏರಿದರೆ ಟನ್ ಜಲ್ಲಿಗೆ ಬೀಳೋದು ತೊಂಬತ್ತು ಪೈಸೆ, ಎಂ-ಸ್ಯಾಂಡಿಗೆ ಮೂರು ರೂಪಾಯಿ ಮೇಲೆ. ಹಾಗಾಗಿ ಮಾರಾಟವಾಗೋ 20 ಎಂ.ಎಂ. ಜಲ್ಲಿಯನ್ನು ಸ್ಯಾಂಡಿಗೆ ಹಾಕಬೇಡಿ. ಗಿರಾಕಿ ಇಲ್ಲದೆ ಉಳಿದ ಸೈಜನ್ನೇ ಹಾಕಿ. ಕಲ್ಲು ಸುರಿಯೋ ಹಾಪರ್ ಖಾಲಿ ಇದ್ದಾಗ ಆಂಪಿಯರ್ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಒಮ್ಮೆ ನೋಡಿ, ಖಾಲಿ ಓಡೋಕೂ ಇಷ್ಟು ಕರೆಂಟಾ ಅಂತ ಹೊಟ್ಟೆ ಉರಿಯುತ್ತೆ.

ಇಲ್ಲೇ ಚಿತ್ರದುರ್ಗದ ಹತ್ತಿರ ಇಂಗಳದಾಳಿನಲ್ಲಿ ಮೊದಲು ತಾಮ್ರದ ಗಣಿ ಇತ್ತು. ಅಂಥ ಅದಿರನ್ನು ಗೋಧಿಹಿಟ್ಟಿನ ಹಾಗೆ ನುಣ್ಣಗೆ ಬೀಸಬೇಕು. 20 ಎಂ.ಎಂ.ನಿಂದ 0.1ಕ್ಕೆ ಇಳಿಸೋಕೆ ಇದೇ ಸೂತ್ರದಲ್ಲಿ, ತಾಮ್ರದ ಅದಿರಿಗೆ ವರ್ಕ್ ಇಂಡೆಕ್ಸ್ 13 ಹಿಡಿದರೆ, ಟನ್ನಿಗೆ ಸುಮಾರು ಹನ್ನೆರಡು ಯೂನಿಟ್. ಬೀಸಿದ್ದರಲ್ಲಿ ಬಹುಪಾಲು ಕೆಸರು, ಅದಕ್ಕೂ ಜಾಗ ಬೇಕು. ಕರೆಂಟು ದುಬಾರಿಯಾದರೆ ನಿನ್ನೆ ಅದಿರು ಅಂದದ್ದನ್ನೇ ಇವತ್ತು ಬರೀ ಕಲ್ಲು ಅನ್ನಬೇಕಾಗುತ್ತೆ.

ಇನ್ನು ಜಾಗ. ಬುಡ 20 ಮೀಟರ್ ಅಗಲ, ಎತ್ತರ 7 ಮೀಟರ್ ಇರೋ ಡಸ್ಟ್ ಗುಡ್ಡೆಯಲ್ಲಿ ಸುಮಾರು 1,100 ಟನ್ ಕೂರುತ್ತೆ, ಹಿಡಿಯೋದು ಮೂರು ಗುಂಟೆ. ಅದನ್ನೇ ಸೊಂಟದೆತ್ತರಕ್ಕೆ ಹರಡಿದರೆ ಏಳು ಗುಂಟೆ ಹೋಯ್ತು. ಎತ್ತರಕ್ಕೇ ಸುರೀರಿ, ಆದರೆ ಎಲ್ಲಿ ಸುರೀತೀರಿ ಅನ್ನೋದು ಮುಖ್ಯ. ನಮ್ಮ ಓನರ್ ಪಕ್ಕದ ಹೊಲದ ಬಾಡಿಗೆ ಉಳಿಸೋಕೆ ಕ್ವಾರಿಯ ಬಡಗು ಅಂಚಿಗೇ ಡಸ್ಟ್ ಸುರಿಸಿದರು. ನಾಲ್ಕು ವರ್ಷಕ್ಕೆ ಕೆಲಸ ಅಲ್ಲಿಗೇ ಬಂತು. ಕೆಳಗೆ ಸುತ್ತಿಗೆ ತಾಗಿಸಿದರೆ ಗಂಟೆ ಹೊಡೆದ ಹಾಗೆ ಕೇಳೋ ಕಲ್ಲು! ಮಳೆಗೆ ಗಟ್ಟಿಯಾಗಿದ್ದ ಡಸ್ಟ್ ಕೆದರಿ ಸಾಗಿಸಿದ ಡೀಸೆಲ್ ಖರ್ಚು, ಆ ಡಸ್ಟ್ ಮಾರಿ ಬಂದ ದುಡ್ಡಿಗಿಂತ ಜಾಸ್ತಿ ಆಯ್ತು.

ಗುಡ್ಡೆ ಹಾಕೋ ಮೊದಲು ಆ ಜಾಗದಲ್ಲಿ ಡ್ರಿಲ್ ಬಿಡಿಸಿ, ಮೂರ್ನಾಲ್ಕು ತೂತು ಸಾಕು. ಕಲ್ಲು ಬಂದರೆ ಅಲ್ಲಿ ಸುರೀಬೇಡಿ, ಬಾಡಿಗೆ ಹೊಲಾನೇ ವಾಸಿ.